ನಮ್ಮ ಬೀದಿಯ ಡ್ರೈ ಡೇ

ಮೊದಲೇ ಹೇಳಿಬಿಡುತ್ತೇನೆ, ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಗುತ್ತಲಿನ ನಮ್ಮ ಬೀದಿಯವರು ಏನು ಬೇಕಾದರೂ ಆಡಿಕೊಂಡು ನಗಲಿ. ಮಲೇರಿಯಾ ಬಂದದ್ದು ಅವರ ಮನೆಗಲ್ಲ, ನನ್ನ ಮನೆಗೆ. ಹೋದ ತಿಂಗಳು ನನ್ನ ಪತಿದೇವರು ಮರಿಸಿದ್ದಯ್ಯ ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದು ನಡುಗುವಾಗ ಮಂಚವೂ ಜೊತೆಗೆ ನಡುಗುತ್ತಿತ್ತು. ಮೇಲೆ ಎಷ್ಟು ಜೋರು ಮಾಡಿದರೂ ಒಳಗೊಳಗೇ ನನಗೆ ಜೀವ ಬಾಯಿಗೆ ಬಂದಿತ್ತು. ಇನ್ನೊಮ್ಮೆ ಆ ಸೊಳ್ಳೆ ನನ್ನ ಹೊಸಿಲು ದಾಟಕೂಡದೆಂದು ಅಂದೇ ಶಪಥ ಮಾಡಿದೆ.

ಆಶಾ ಕಾರ್ಯಕರ್ತೆ ಸಿಂಧು ಉಪಾಯ ಹೇಳಿದಳು. ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಒಬ್ಬರು ಚೆಲ್ಲಿ ಪಕ್ಕದವರು ಇಟ್ಟುಕೊಂಡರೆ ಏನೂ ಪ್ರಯೋಜನವಿಲ್ಲ, ವಾರಕ್ಕೊಂದು ದಿನ ಇಡೀ ಬೀದಿಯೇ ಡ್ರಮ್ಮು, ತೊಟ್ಟಿ ಒಣಗಿಸಬೇಕು. ಅದಕ್ಕೆ 'ಡ್ರೈ ಡೇ' ಎನ್ನುತ್ತಾರಂತೆ. ತಕ್ಷಣ ಬೀದಿಯ ವಾಟ್ಸಾಪ್ ಗ್ರೂಪಿಗೆ (ನನ್ನೊಬ್ಬಳನ್ನು ಬಿಟ್ಟರೆ ಅಲ್ಲಿರುವವರೆಲ್ಲ ಗಂಡಸರು) ರಾಜಾಜ್ಞೆ ಹೊರಡಿಸಿದೆ: "ಶನಿವಾರ ಡ್ರೈ ಡೇ. ಅಷ್ಟರೊಳಗೆ ಇದ್ದದ್ದೆಲ್ಲ ಖಾಲಿ ಮಾಡಿ. ಒಂದು ತೊಟ್ಟೂ ಉಳಿಯಕೂಡದು."

ಹೆಬ್ಬೆರಳಿನ ಚಿತ್ರಗಳು ಸಾಲುಸಾಲಾಗಿ ಬಂದವು. ಇಂಥ ವಿಧೇಯತೆಯನ್ನು ಈ ಗಂಡುಕುಲದಲ್ಲಿ ನಾನು ಕಂಡೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ನೋಡಿದರೆ ಡ್ರಮ್ಮುಗಳೆಲ್ಲ ತುಂಬಿ ನೆಟ್ಟಗೆ ನಿಂತಿದ್ದವು. ಗಂಡಸರು ಕವುಚಿ ಬಿದ್ದಿದ್ದರು.

ಎದುರುಮನೆಯ ಚಿಕ್ಕಬೋರಯ್ಯನನ್ನು ಜಗಲಿಯ ಮೇಲೇ ತಟ್ಟಿ ಎಬ್ಬಿಸಿದೆ. "ಇದ್ಯಾಕಣ್ಣ ಇಂಗ್ ಬಿದ್ದಿದ್ದೀಯ?"

"ನೀನೇ ತಾನೆ ಕಣಕ್ಕ ಬರ್ದಿದ್ದು! ಡ್ರೈ ಡೇ ಅಂದ್ರೆ ಬ್ರಾಂದಿ ಅಂಗ್ಡಿ ಮುಚ್ತಾರೆ ಅಂತ ಎಲ್ಡ್ ಬಾಟ್ಲಿ ಜಾಸ್ತೀನೇ ತಂದಿದ್ದೋ. ಒಂದ್ ತೊಟ್ಟೂ ಉಳೀಬಾರ್ದು ಅಂದ್ಯಲ್ಲ, ನಿನ್ ಮಾತ್ಗೆ ಬೆಲೆ ಕೊಟ್ಟು ಎಲ್ಲಾನೂ ಖಾಲಿ ಮಾಡುದೊ. ನಿನ್ ಗಂಡ್ನೂ ಇದ್ದ, ಕೇಳೋಗು!"

ಕೇಳಲು ಹೋಗಲಿಲ್ಲ. ಸೆರಗು ಸಿಕ್ಕಿಸಿ ದಂಡಯಾತ್ರೆ ಹೊರಟೆ. ಮನೆಮನೆಯ ಡ್ರಮ್ಮನ್ನೂ ಉರುಳಿಸಿದೆ. "ನಲ್ಲಿ ಯಾವತ್ ಬತ್ತದೋ ಏನೋ, ನೀರ್ಗೇನ್ ಮಾಡಾನ?" ಎಂದು ಅಡ್ಡ ಬಂದ ಹೆಂಗಸರಿಗೆ "ಜೀವ ದೊಡ್ದಾ, ನೀರು ದೊಡ್ದಾ?" ಎಂದು ಗದರಿದೆ. (ನಮ್ಮ ಹಿತ್ತಲಿನ ಡ್ರಮ್ಮಿನ ಮಾತು ಬೇರೆ. ಅದು ವಾರದಿಂದ ಜೋಪಾನ ಮಾಡಿದ, ತಳ ಕಾಣುವಂಥ ತಿಳಿನೀರು. ಚೆಲ್ಲಲು ಮನಸ್ಸು ಬರದೆ ಬೆಳಿಗ್ಗೆಯೇ ಗಂಡನ ಕಂಬಳಿ ಹೊದಿಸಿಟ್ಟಿದ್ದೆ.)

ಜಗಳಕ್ಕೆಂದು ಬೀದಿಯೇ ನನ್ನ ಹಿಂದೆ ಹಿತ್ತಲಿಗೆ ಬಂತು. ಕಂಬಳಿಯ ಉಬ್ಬು ಕಂಡು ಚಿಕ್ಕಬೋರಯ್ಯನ ಕಣ್ಣು ಅರಳಿತು.

"ಮರಿಸಿದ್ದ ಬಾಟ್ಲಿ ಇಲ್ಲಿ ಬಚ್ಚಿಟ್ಟವ್ನೆ ಕಣ್ರಲಾ!" ಎಂದು ಕಂಬಳಿ ಎಳೆದೇಬಿಟ್ಟ. ಒಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ಡ್ರೈ ಡೇ ದಿನ ಸ್ಟಾಕ್ ಮಡಗಿರೋಳು ಇಡೀ ಬೀದೀಲಿ ನೀನೊಬ್ಳೇ ಕಣಕ್ಕೋ!" ಎಂದ.

ನಾನು ತಲೆ ತಗ್ಗಿಸಲಿಲ್ಲ. ಡ್ರಮ್ಮನ್ನು ನಾನೇ ಒದ್ದು ಉರುಳಿಸಿ, "ಮುಂದಿನ್ ಶನಿವಾರಾನೂ ಡ್ರೈ ಡೇನೇ! ಅದ್ಯಾರ್ ಬತ್ತೀರೋ ಬನ್ನಿ" ಎಂದು ಗುಡುಗಿದೆ.

ಒಳಗಿನಿಂದ ಪತಿದೇವರ ಕ್ಷೀಣ ಸ್ವರ ಬಂತು. "ಲೇ ಹೊಂಬಾಳಿ, ತಲೆ ಸಿಡೀತಾ ಅದೆ. ಒಂದ್ ಲೋಟ ನೀರ್ ಕೊಡೇ..."

ನಲ್ಲಿ ತಿರುಗಿಸಿದೆ. ಬುಸ್ಸೆಂದು ಗಾಳಿ ಬಂತು. ಬಿಂದಿಗೆ ಹಿಡಿದು ಬೀದಿಗಿಳಿದರೆ, ಆ ತುದಿಯಿಂದ ಈ ತುದಿಯವರೆಗೆ ನಾನೇ ಉರುಳಿಸಿದ ಡ್ರಮ್ಮುಗಳು ಬಿಸಿಲಿಗೆ ಒಣಗುತ್ತಿದ್ದವು.