ಮಾನ್ಯ ಬಕೆಟ್ ಅವರ ಆಯ್ಕೆ

ಚುನಾವಣೆಯ ಮೇಲೆ ನಮ್ಮ ಊರಿನ ಸಾರ್ವಜನಿಕರಿಗೆ ಪೂರ್ಣ ವಿಶ್ವಾಸವಿದೆ ಎಂಬುದು ಅಧಿಕೃತ ಸಂಗತಿ. ಮತಗಟ್ಟೆಯ ಹೊರಬಾಗಿಲಲ್ಲಿ ಒಬ್ಬ ವಿಶ್ವಾಸಾಧಿಕಾರಿ ಕೂತಿರುತ್ತಾರೆ. ಮತ ಹಾಕಿ ಬಂದವರನ್ನು "ವಿಶ್ವಾಸ ಇದೆಯಾ?" ಎಂದು ಕೇಳುತ್ತಾರೆ. "ಇದೆ" ಎಂದವರಿಗೆ ಬಾಗಿಲು ತೆರೆಯುತ್ತದೆ. "ಇಲ್ಲ" ಎಂದು ಹೇಳಿ ಮನೆಗೆ ಹೋದವರು ಇದುವರೆಗೆ ಯಾರೂ ಇಲ್ಲ.

ಕಳೆದ ಚುನಾವಣೆಯಲ್ಲಿ ಮಾತ್ರ ಹಿಂಬೀದಿಯ ಟೈಲರಮ್ಮ ಎಡವಟ್ಟು ಮಾಡಿಕೊಂಡರು. ಮನೆಯಲ್ಲಿ ಅರ್ಧ ಹೊಲಿದ ಶಾಲೆಯ ಯೂನಿಫಾರಂಗಳ ರಾಶಿ ಬಿದ್ದಿತ್ತು. ತೆರೆದ ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಿದ್ದ ಅತ್ತೆ ಮಂಚ ಹಿಡಿದಿದ್ದರು. ಅವಸರದಲ್ಲಿದ್ದ ಟೈಲರಮ್ಮ ಹಿಂದೆಮುಂದೆ ನೋಡದೆ ನಿಜ ಹೇಳಿಬಿಟ್ಟರು.

"ಏನೋಪ್ಪ, ಗೊತ್ತಿಲ್ಲ. ಹಾಕೋದು ನಮ್ಮ ಕೈಲಿದೆ, ಹಾಕಿದೀನಿ. ಒಳಗೆ ಏನು ಬೇಯ್ತಿದೆಯೋ ಯಾರು ಕಂಡಿದ್ದಾರೆ? ಪ್ರತಿ ಸಲ ಬೇರೆಬೇರೆಯವರಿಗೆ ಹಾಕಿ ನೋಡಿದೆ. ಪ್ರತಿ ಸಲ ಅದೇ ಮನುಷ್ಯ ಗೆದ್ದು ಬಂದು ಕೈಮುಗಿದು, 'ಚರಂಡಿಗೆ ಚಪ್ಪಡಿ ಹಾಕಿಸ್ತೀನಿ ತಾಯಿ' ಅಂದ."

ವಿಶ್ವಾಸಾಧಿಕಾರಿ ಬೆವರೊರೆಸಿಕೊಂಡರು. "ಇದೆ" ಎಂಬುದಕ್ಕೂ "ಇಲ್ಲ" ಎಂಬುದಕ್ಕೂ ನಿಯಮವಿತ್ತು. "ಗೊತ್ತಿಲ್ಲ" ಎಂಬುದಕ್ಕೆ ಇರಲಿಲ್ಲ. ತಡೆಯಲು ನಿಯಮವಿಲ್ಲದೆ ಬಾಗಿಲು ತೆರೆದರು. ಮರುದಿನ ಅವರೇ ಖುದ್ದಾಗಿ ಟೈಲರಮ್ಮನ ಮನೆಗೆ ಬಂದು ಯೂನಿಫಾರಂ ರಾಶಿಯ ಪಕ್ಕ ಮುದುಡಿಕೊಂಡು ಕೂತರು.

"ಅಮ್ಮಾ, ನಿಮ್ಮೊಬ್ಬರಿಂದ ಊರಿನ ವಿಶ್ವಾಸ ನೂರಕ್ಕೆ ನೂರು ಆಗ್ತಾ ಇಲ್ಲ. ಮೇಲಿನವರು ನನ್ನ ಪ್ರಾಣ ತಿಂತಿದ್ದಾರೆ. 'ಇದೆ' ಅಂತ ಒಂದು ಮಾತು ಅಂದುಬಿಡಿ."

"ಕಣ್ಣಾರೆ ಕಾಣದೆ ಹೇಗೆ ಅನ್ನಲಿ ಸಾರ್?"

ಮಂಚದ ಮೇಲಿಂದ ಅತ್ತೆ ಗದರಿದರು. "ಅಂದು ಕಳಿಸಬಾರದೇನೇ? ನಿನ್ನ ಗಂಟೇನು ಹೋಗುತ್ತೆ?"

"ಅಳತೆ ತಗೊಳ್ಳದೆ ಅಂಗಿ ಹೊಲಿಯೋಕಾಗುತ್ತಾ ಅತ್ತೆ?"

ಈ ಉತ್ತರವನ್ನು ಮೇಲಿನವರಿಗೆ ಕಳುಹಿಸಲಾಯಿತು. ಅಲ್ಲಿಂದ ಆದೇಶ ಬಂತು: "ಸದರಿ ಮತದಾರರ ವಿಶ್ವಾಸ ವೃದ್ಧಿಗಾಗಿ ಅಣಕು ಚುನಾವಣೆಯೊಂದನ್ನು ಅವರ ಕಣ್ಣೆದುರಿಗೇ ನಡೆಸತಕ್ಕದ್ದು. ಅಣಕಾದರೂ ಅದು ಎಲ್ಲ ರೀತಿಯಿಂದಲೂ ಅಸಲಿಯಾಗಿರತಕ್ಕದ್ದು. ಅಸಲಿ ಚುನಾವಣೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ."

ಮನುಷ್ಯರು ನಿಂತರೆ ಪಕ್ಷಪಾತದ ದೂರು ಬರಬಹುದೆಂದು ವಾರ್ಡ್ ಕಚೇರಿಯ ಎರಡು ಸಾಮಾನುಗಳನ್ನು ಅಭ್ಯರ್ಥಿಗಳೆಂದು ಘೋಷಿಸಲಾಯಿತು: ಒಂದು ಮರದ ಸ್ಟೂಲು, ಒಂದು ನೀಲಿ ಬಕೆಟ್. ಇಬ್ಬರ ಮೇಲೂ ಯಾವ ಕ್ರಿಮಿನಲ್ ಮೊಕದ್ದಮೆಯೂ ಇಲ್ಲವೆಂದು ಖಚಿತವಾದಾಗ ಕಚೇರಿಯವರು ಕಡತವನ್ನು ಮತ್ತೊಮ್ಮೆ ತಿರುವಿ ನೋಡಿದರು. ಹಿಂದೆಂದೂ ಹೀಗಾಗಿರಲಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹರಡಿ, ಇಡೀ ಹಿಂಬೀದಿ ತನಗೂ ಮತ ಬೇಕೆಂದಿತು. ಅಸಲಿ ಚುನಾವಣೆಯಂತೆಯೇ ಇರಬೇಕಾದ್ದರಿಂದ ಬೇಡವೆನ್ನಲಾಗಲಿಲ್ಲ. ಎಲ್ಲಿ ಚುನಾವಣೆ ನಡೆದರೂ ಕೈ ಆಡಿಸದಿದ್ದರೆ ನಿದ್ದೆ ಬಾರದ ವಾರ್ಡಿನ ಹಾಲಿ ಸದಸ್ಯರು ಸ್ಟೂಲಿನ ಪರ ಪ್ರಚಾರಕ್ಕಿಳಿದರು. ಬಕೆಟ್ ತೂತು ಎಂಬ ಗುಸುಗುಸು ಅವರ ಕಡೆಯಿಂದಲೇ ಹುಟ್ಟಿತು. ವಿಶ್ವಾಸಾಧಿಕಾರಿ ಬೀದಿಯ ಮಧ್ಯೆ ಬಕೆಟ್ಟಿಗೆ ನೀರು ತುಂಬಿಸಿ ಇಟ್ಟರು. ಜನ ಸುತ್ತ ನಿಂತು ಕಣ್ಣು ಮಿಟುಕಿಸದೆ ನೋಡಿದರು. ಒಂದು ಹನಿಯೂ ಸೋರಲಿಲ್ಲ.

"ಇಷ್ಟು ವರ್ಷದಲ್ಲಿ ನಾವು ಕೊಟ್ಟಿದ್ದನ್ನ ಹಾಗೇ ಇಟ್ಟುಕೊಂಡಿದ್ದು ಇದೊಂದೇ ಕಣ್ರೀ" ಎಂದರು ಮೂಲೆ ಅಂಗಡಿಯ ಸೈಕಲ್ ರಿಪೇರಿಯವರು.

ಅಲ್ಲಿಗೆ ಗಾಳಿ ತಿರುಗಿತು. ಎಣಿಕೆ ಟೈಲರಮ್ಮನ ಮುಂದೆಯೇ ನಡೆದು ಬಕೆಟ್ ಭಾರಿ ಅಂತರದಿಂದ ಗೆದ್ದಿತು. ಅವರು ಓಡುತ್ತಾ ಮನೆಗೆ ಬಂದರು. "ಅತ್ತೆ, ನಾನು ಹಾಕಿದ್ದೇ ಗೆದ್ದಿತು! ನನ್ನ ಚೀಟಿ ಎತ್ತಿ ಎಣಿಸಿದ್ದನ್ನ ಈ ಕಣ್ಣಲ್ಲೇ ನೋಡಿದೆ!" ಎಂದು ಕೂಗಿ ಹೇಳಿದರು. ಹಿಂದೆಯೇ ಏದುಸಿರು ಬಿಡುತ್ತಾ ಬಂದ ವಿಶ್ವಾಸಾಧಿಕಾರಿ ಹೊಸ್ತಿಲಲ್ಲೇ ನಿಂತು ಅವರಿಂದ "ಇದೆ" ಎನ್ನಿಸಿಕೊಂಡು ಹೋದರು.

ಸಂಜೆ ಹಾಲಿ ಸದಸ್ಯರು ಕಚೇರಿಗೆ ಬಂದಾಗ ಅವರ ಕುರ್ಚಿಯ ಮೇಲೆ ಬಕೆಟ್ ಇತ್ತು.

"ರೀ, ಇದು ಅಣಕು ಚುನಾವಣೆ ಕಣ್ರೀ!"

"ಮೆಲ್ಲಗೆ ಸಾರ್" ಎಂದರು ವಿಶ್ವಾಸಾಧಿಕಾರಿ. "ಅಣಕು ಅಂತ ಈಗ ಹೇಳಿದ್ರೆ ಜನರ ವಿಶ್ವಾಸ ಏನಾಗಬೇಕು? ಇವತ್ತು ತಾನೇ ನೂರಕ್ಕೆ ನೂರು ಆಗಿದೆ."

"ಹಾಗಾದ್ರೆ ನಾನು ಗೆದ್ದಿದ್ದು?"

"ಅದರ ಮೇಲೂ ಪೂರ್ತಿ ವಿಶ್ವಾಸ ಇದೆ ಸಾರ್. ಆದರೆ ಅದು ಹಳೇದು."

ಪ್ರಮಾಣವಚನದ ವೇಳೆ ಮಾನ್ಯ ಬಕೆಟ್ ಅವರು ಏನೂ ಹೇಳಲಿಲ್ಲ. ಮೌನವೇ ಸಮ್ಮತಿ ಎಂದು ಪರಿಗಣಿಸಲಾಯಿತು. ಚರಂಡಿಯ ಕಂಟ್ರಾಕ್ಟರ್ ಬಂದು ಬಾಗಿಲು ಮುಂದೆ ಮಾಡಿ, "ಸಾರ್, ತಮಗೆ ಎಷ್ಟು?" ಎಂದು ಕೇಳಿದರು. ಉತ್ತರವಿಲ್ಲ. ಮತ್ತೆ ಕೇಳಿದರೂ ಅದೇ ಮೌನ. ಕಂಟ್ರಾಕ್ಟರ್ ಜೀವಮಾನದಲ್ಲೇ ಇಂಥ ಮನುಷ್ಯನನ್ನು ಕಂಡಿರಲಿಲ್ಲ. ಬಾಯಿಬಿಟ್ಟು ಕೇಳದವನು ಒಳಗೊಳಗೇ ಯಾವ ಕತ್ತಿ ಮಸೆಯುತ್ತಿದ್ದಾನೋ ಎಂದು ಹೆದರಿ, ಹೇಳಿದ ಅಳತೆಗೆ, ಹೇಳಿದಷ್ಟೇ ಸಿಮೆಂಟು ಹಾಕಿ, ಚರಂಡಿಯುದ್ದಕ್ಕೂ ಚಪ್ಪಡಿ ಮುಚ್ಚಿಸಿದರು. ಅತ್ತೆ ಕೋಲೂರಿಕೊಂಡು ಅದರ ಮೇಲೆ ಓಡಾಡಿ, ಎರಡು ಸಲ ಕುಟ್ಟಿ ನೋಡಿ, "ಗಟ್ಟಿ ಇದೆ" ಎಂದರು.

ಬಕೆಟ್ಟಿನ ಕೀರ್ತಿ ಬೆಳೆಯಿತು. ಊರಿನ ದೊಡ್ಡ ಮನುಷ್ಯರೆಲ್ಲ ಬಕೆಟ್ ಹಿಡಿಯಲು ಬೆಳಗಾಗುವ ಮೊದಲೇ ಸಾಲುಗಟ್ಟಿದರು. ಆ ಕೆಲಸದಲ್ಲಿ ಅವರಿಗೆ ಹಿಂದಿನಿಂದಲೂ ಅನುಭವವಿದ್ದುದರಿಂದ ನೂಕುನುಗ್ಗಲಾಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕುರ್ಚಿ ಖಾಲಿಯಿತ್ತು. ಬೀದಿಯವರೆಲ್ಲ ಹುಡುಕಿದರು. ಮಾನ್ಯ ಬಕೆಟ್ ಅವರು ಆಡಳಿತ ಪಕ್ಷದ ಕಚೇರಿಯ ಹಿತ್ತಲಲ್ಲಿ, ನಲ್ಲಿಯ ಕೆಳಗೆ ಕಂಡುಬಂದರು. ಮೈಗೆ ಹೊಸ ಬಣ್ಣ ಬಳಿದಿತ್ತು. ಹಳೇ ಸದಸ್ಯರು ಹಿಡಿಕೆ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಕ್ಷೇತ್ರದ ಅಭಿವೃದ್ಧಿಗಾಗಿ ಮಾನ್ಯರು ಸ್ವಂತ ಇಚ್ಛೆಯಿಂದ ನಡೆದು ಬಂದಿದ್ದಾರೆ" ಎಂದು ಅವರು ಪ್ರಕಟಿಸಿದರು.

ಟೈಲರಮ್ಮನಿಗೆ ತಡೆಯಲಾಗಲಿಲ್ಲ. "ಕಾಲೇ ಇಲ್ಲವಲ್ಲ ಸಾರ್, ಹೇಗೆ ನಡೆದರು?"

"ಮನಸ್ಸಿತ್ತಮ್ಮ."

ನೆರೆದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನಸ್ಸಿದ್ದರೆ ಮಾರ್ಗವಿದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದರು. ಆಕ್ಷೇಪಣೆ ಯಾರದೂ ಇರಲಿಲ್ಲ. ವಿಶ್ವಾಸಾಧಿಕಾರಿ ಮೊದಲಿಗರಾಗಿ ಚಪ್ಪಾಳೆ ತಟ್ಟಿದರು.

ಟೈಲರಮ್ಮ ಮನೆಗೆ ಬಂದು ಮೆಷಿನ್ ಮುಂದೆ ಕೂತು ಒಂದು ತೋಳನ್ನು ತಿರುವುಮುರುವಾಗಿ ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದರು. ಅತ್ತೆ ಸ್ವಲ್ಪ ಹೊತ್ತು ನೋಡಿದರು.

"ಅಷ್ಟಕ್ಕೆಲ್ಲ ಮುಖ ಊದಿಸಿಕೊಂಡು ಕೂತ್ಕೋಬೇಡ್ವೇ. ನೀರಿದ್ದ ಕಡೆಗೆ ತಾನೇ ಬಕೆಟ್ ಹೋಗೋದು?"