ಮರ ಕಡಿಯದ ಕ್ರಿಸ್‌ಮಸ್‌ಗಳು

ಒಳ್ಳೆ ಕೆಲಸ ಮಾಡಲು ಹೊರಟ ಶಾಲೆಯಲ್ಲಿ ನಗುವಿಗೇನೂ ಬರವಿರುವುದಿಲ್ಲ. ನಕ್ಕ ಮೇಲೆ ಬಾಯಿ ಕಹಿಯಾಗುತ್ತದೆ, ಅಷ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ, ಹರಿಹರದ ಕಾನ್ವೆಂಟ್ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಪ್ರತಿ ಡಿಸೆಂಬರಿಗೆ ಒಂದು ಸರ್ವೆ ಮರ ಕಡಿದು ತಂದು, ಹತ್ತಿ ಅಂಟಿಸಿ, ಕ್ರಿಸ್‌ಮಸ್ ಮರ ಮಾಡುವುದು ಅಲ್ಲಿನ ರೂಢಿ. ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸ್, ಮಂಗಳೂರು ಕಡೆಯ ಸಿಸ್ಟರ್, ಅದನ್ನು ನಿಲ್ಲಿಸಿದರು. "ಯೇಸು ಹುಟ್ಟಿದ ಖುಷಿಗೆ ಒಂದು ಮರ ಸಾಯುವುದು ಬೇಡ ಮಾಸ್ಟ್ರೇ. ನೀವೇ ಏನಾದರೂ ದಾರಿ ಮಾಡಿ, ಆಯ್ತಾ?"

೧. ಬೇರು ಇದ್ದ ಮರ

ದಾವಣಗೆರೆಯ ಆನೆಕೊಂಡದ ನರ್ಸರಿಯಿಂದ ಕುಂಡದಲ್ಲಿದ್ದ ಸರ್ವೆ ಸಸಿಯೊಂದನ್ನು ಬಸ್ಸಿಗೆ ಹತ್ತಿಸಿದೆ. ಪಕ್ಕದಲ್ಲಿ ಕೂತ ಅಜ್ಜಿ ಮುಖಕ್ಕೆ ಚುಚ್ಚುತ್ತಿದ್ದ ಕೊಂಬೆ ಸರಿಸಿ, "ಯಾವ ದೇವ್ರಿಗಪ್ಪಾ ಇದು?" ಅಂದಳು.

"ಯೇಸುವಿಗೆ ಅಜ್ಜಿ."

"ಪೂಜೆ ಮಾಡಿ ಹೊಳಿಗೆ ಬಿಡ್ತೀರೇನು?"

"ಇಲ್ಲ, ನೆಲಕ್ಕೆ ಹಚ್ತೀವಿ."

"ಹಂಗಾದ್ರೆ ಚಲೋ ದೇವ್ರು ಬಿಡು."

ಹಬ್ಬ ಮುಗಿದ ಮೇಲೆ ಅಂಗಳದಲ್ಲಿ ನೆಟ್ಟೆವು. ಮಕ್ಕಳು ಊಟದ ಡಬ್ಬಿ ತೊಳೆದ ನೀರು ಹಾಕಿಯೇ ಬೆಳೆಸಿದರು. ವರ್ಷದೊಳಗೆ ಗಿಡ ನನ್ನ ತಲೆ ಮೀರಿತು. ಮುಂದಿನ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಅಂಗಳದಲ್ಲಿ ಮೊಂಡು ಬುಡ. ಮರ ಸ್ಟೇಜಿನ ಮೇಲಿದೆ, ಮೈತುಂಬ ಹತ್ತಿ. ಸಿಸ್ಟರ್ ಊರಲ್ಲಿರಲಿಲ್ಲ. ಪೋಷಕರ ಕಮಿಟಿಯ ಅಧ್ಯಕ್ಷರಾಗಿದ್ದ ಅಕ್ಕಿ ಗಿರಣಿಯ ಯಜಮಾನರು ನನ್ನ ಬೆನ್ನು ತಟ್ಟಿದರು: "ಭೇಷ್ ಮೇಷ್ಟ್ರೇ! ನೀವು ಬೆಳೆಸಿದ್ದಕ್ಕೆ ಈ ಸಲ ಹೊರಗಿನ ಮರ ಕಡಿಯೋದು ತಪ್ತು ನೋಡ್ರಿ."

೨. ಸಾಯದ ಮರ

ಊರಿಂದ ಬಂದ ಸಿಸ್ಟರ್ ಆ ಬುಡದ ಮುಂದೆ ನಿಂತು ಶಿಲುಬೆಯ ಗುರುತು ಮಾಡಿದ್ದು ಅಧ್ಯಕ್ಷರ ಮನಸ್ಸಿಗೂ ತಟ್ಟಿರಬೇಕು. ಮರುವರ್ಷ ತಾವೇ ಬೆಂಗಳೂರಿನಿಂದ ಪ್ಲಾಸ್ಟಿಕ್ ಮರ ತರಿಸಿದರು. "ಇನ್ನು ಪ್ರಳಯ ಆಗೋತನಕ ಮರ ಕಡಿಯೋ ಮಾತೇ ಇಲ್ಲ!"

ಬಿಚ್ಚಿ ನಿಲ್ಲಿಸಿದರೆ ಬಾಟ್ಲಿ ತೊಳೆಯುವ ಬ್ರಷ್ಷಿನ ಹಾಗಿತ್ತು. ಮಕ್ಕಳು ಕಿಸಕ್ಕೆಂದವು. ಅಧ್ಯಕ್ಷರ ಮುಖ ಕೆಂಪಾಯಿತು. ಮಧ್ಯಾಹ್ನ ನಾನು ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಅದೇ ಮರ ದಟ್ಟವಾಗಿ, ಹಸಿ ಸೊಪ್ಪಿನ ವಾಸನೆ ಬೀರುತ್ತ ನಿಂತಿತ್ತು.

"ಬೋಳು ಕಾಣ್ತಿತ್ತು ಮೇಷ್ಟ್ರೇ," ಅಂದರು ಅಧ್ಯಕ್ಷರು. "ಒಂದು ಸರ್ವೆ ಮರ ಕಡಿಸಿ ಕೊಂಬೆಯೆಲ್ಲ ಸಿಗಿಸೀನಿ. ಬುಡ ಮಾತ್ರ ಪ್ಲಾಸ್ಟಿಕ್ಕೇ ಐತೆ, ಚಿಂತಿ ಮಾಡಬ್ಯಾಡ್ರಿ."

೩. ಬಿಸಾಕಿದ್ದರ ಮರ

"ಇನ್ನು ಮರವೂ ಬೇಡ, ಪ್ಲಾಸ್ಟಿಕ್ಕೂ ಬೇಡ. ಬಿಸಾಡಿದ್ದರಲ್ಲೇ ಮಾಡುವ," ಅಂದರು ಸಿಸ್ಟರ್. ಆಗಿನ ದಾವಣಗೆರೆಯಲ್ಲಿ ಬಿಸಾಕಿದ್ದಕ್ಕೇನು ಕೊರತೆ? ಹತ್ತಿ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದ್ದವು. ನೂಲು ಸುತ್ತುವ ಖಾಲಿ ಬಾಬಿನ್‌ಗಳು ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಒಂದು ಮೂಟೆ ಹೊತ್ತು ತಂದೆ. ಮಕ್ಕಳು ಹಸಿರು ಬಣ್ಣ ಬಳಿದರು.

ನಮ್ಮ ಶಾಲೆಯ ವಾಚ್‌ಮನ್ ಅಂಥದೇ ಮಿಲ್ಲೊಂದರಲ್ಲಿ ವಯಸ್ಸು ಸವೆಸಿ, ಅದು ಮುಚ್ಚಿದ ಮೇಲೆ ನಮ್ಮ ಗೇಟು ಕಾಯಲು ಬಂದಿದ್ದ. ಆತ ಒಂದು ಬಾಬಿನ್ ಎತ್ತಿಕೊಂಡು, ಸವರಿ, "ಇವು ನಮ್ ಮಿಲ್ಲಿನವೇ ಸರ" ಅಂದ. ಆಮೇಲೆ ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿ, ತಾನೇ ಕೂತು ಒಂದಕ್ಕೊಂದು ಕಟ್ಟಿ ಮರ ನಿಲ್ಲಿಸಿದ.

ಸಮಾರಂಭದಲ್ಲಿ ದೀಪ ಹತ್ತಿತು. ಅಧ್ಯಕ್ಷರು ಮೈಕು ಹಿಡಿದು ಗದ್ಗದಿತರಾದರು: "ಬ್ಯಾಡಂತ ಬಿಸಾಕಿದ್ದನ್ನ ತಂದು, ಬಣ್ಣ ಬಳಿದು, ಸ್ಟೇಜಿನ ಮೇಲೆ ನಿಲ್ಸಿ ಎಷ್ಟು ಗೌರವ ಕೊಟ್ಟೀರಿ! ಈ ಲೋಕದಾಗೆ ಯಾವುದೂ ವೇಸ್ಟ್ ಆಗಬಾರದು!" ಚಪ್ಪಾಳೆಯೋ ಚಪ್ಪಾಳೆ.

ಬಾಗಿಲ ಬಳಿ ನಿಂತಿದ್ದ ವಾಚ್‌ಮನ್ ನನ್ನ ಕಿವಿಯ ಹತ್ತಿರ ಬಗ್ಗಿದ.

"ಸರ, ಹಸಿರು ಬಣ್ಣ ಉಳಿದೈತೇನ್ರಿ?"

"ಯಾಕಣ್ಣಾ?"

"ನನಗೂ ಒಂದು ಕೈ ಬಳೀರಿ. ನಾನೂ ಆ ಮಿಲ್ಲಿನವ್ರು ಬಿಸಾಕಿದ್ದೇ ಅಲ್ಲೇನು?"