ಚಂದ್ರನ ಬೆನ್ನು

ಹರಿಯುವುದೇ ಆಗಿದ್ದರೆ ಆ ಪ್ಯಾಂಟು ಹಿಂದಿನ ದಿನವೇ ಹರಿಯಬಹುದಿತ್ತು. ಆದರೆ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವ ದಿನದವರೆಗೂ ಅದು ಹಠ ಹಿಡಿದು ತಡೆದುಕೊಂಡಿತ್ತು. ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ಮರದ ಕುರ್ಚಿಯೊಂದಕ್ಕೆ ಹಳದಿ ಬಣ್ಣ ಬಳಿದು, ಕಾಲಿನ ಬುಡಕ್ಕೆ ಕೊನೆಯದಾಗಿ ಒಂದು ಕೈ ಎಳೆಯಲು ಬಗ್ಗಿದರು. ಹಿಂದೆ ಪರ್ರೆಂದು ಸದ್ದಾಯಿತು. ಮುಟ್ಟಿ ನೋಡಿಕೊಂಡರೆ ಹೊಲಿಗೆ ಉದ್ದಕ್ಕೂ ಬಿಟ್ಟುಕೊಂಡಿತ್ತು. "ಬಗ್ಗಬೇಡಿ ರೀ, ಆ ಪ್ಯಾಂಟು ಮಾತು ಕೇಳೋ ಸ್ಥಿತೀಲಿಲ್ಲ" ಎಂದು ಹೆಂಡತಿ ಹೊರಡುವಾಗಲೇ ಎಚ್ಚರಿಸಿದ್ದಳು. ಪಿನ್ನು ಹಾಕಿ ನೋಡಿದರು. ಕೂತರೆ ಅದು ಚುಚ್ಚಿತು, ನಿಂತರೆ ಬಿಚ್ಚಿತು.

ಮೇಷ್ಟ್ರದು ಬಹಳ ವರ್ಷಗಳಿಂದ ಹಂಗಾಮಿ ಕೆಲಸ. "ಇವತ್ತು ಸಾಹೇಬರು ಒಂದು ಮಾತು ಬರೆದರೆ ನೀವು ಖಾಯಂ" ಎಂದು ಹೆಡ್‌ಮೇಡಂ ಹೇಳಿದ್ದರು. ಹೀಗಾಗಿ ಸಾಹೇಬರಿಗೆ ಮುಖ ತೋರಿಸುವುದು ಎಷ್ಟು ಮುಖ್ಯವೋ ಬೆನ್ನು ತೋರಿಸದಿರುವುದೂ ಅಷ್ಟೇ ಮುಖ್ಯವಾಗಿತ್ತು.

ಗೋಡೆಗೆ ಒರಗಿಕೊಂಡೇ ದಿನ ಕಳೆಯೋಣವೆಂದರೆ ಅದಕ್ಕೂ ವಿಜ್ಞಾನದ ಮೇಡಂ ಬಿಡಲಿಲ್ಲ. ಅಂಗಳದಲ್ಲಿ ಸೌರವ್ಯೂಹ ತೋರಿಸುವ ಕಾರ್ಯಕ್ರಮವಿತ್ತು. ಹೆಡ್‌ಮೇಡಂ ಸೂರ್ಯ, ಮೇಷ್ಟ್ರುಗಳೆಲ್ಲ ಗ್ರಹಗಳು.

"ನೀವು ಬುಧ. ಸುಣ್ಣದ ಗೆರೆ ಇದೆಯಲ್ಲ, ಅದೇ ನಿಮ್ಮ ಕಕ್ಷೆ. ಅದರ ಮೇಲೆ ಸೂರ್ಯನ್ನ ಸುತ್ತೋದು ಪರಿಭ್ರಮಣ. ಸುತ್ತುತ್ತಾ ನಿಮ್ಮ ಸುತ್ತ ನೀವೇ ತಿರುಗೋದು ಭ್ರಮಣ. ಎರಡೂ ಮಾಡ್ಬೇಕು."

ತಿರುಗುವುದೆಂದ ಕೂಡಲೇ ಮೇಷ್ಟ್ರ ಜೀವ ಬಾಯಿಗೆ ಬಂತು. "ತಿರುಗದೆ ಇರೋರು ಯಾರೂ ಇಲ್ವಾ ಮೇಡಂ?"

"ಎಲ್ಲರೂ ತಿರುಗ್ತಾರೆ. ಚಂದ್ರ ಮಾತ್ರ ಭೂಮಿಯನ್ನ ಒಂದು ಸುತ್ತು ಹಾಕೋ ಹೊತ್ತಿಗೆ ತಾನೂ ಒಂದೇ ಸಲ ತಿರುಗ್ತಾನೆ. ಅದಕ್ಕೇ ಭೂಮಿಗೆ ಯಾವಾಗ್ಲೂ ಒಂದೇ ಮುಖ ಕಾಣೋದು. ಬೆನ್ನು ಕಾಣೋದೇ ಇಲ್ಲ."

"ಭೂಮಿ ಯಾರು?"

"ಇನ್ಸ್‌ಪೆಕ್ಟರ್ ಸಾಹೇಬ್ರೇ. ಹೆಡ್‌ಮೇಡಂ ಕೇಳಿಕೊಂಡ್ರು, ಒಪ್ಪಿದಾರೆ."

ಮೇಷ್ಟ್ರಿಗೆ ದೇವರೇ ಎದುರು ಬಂದು ನಿಂತಂತಾಯಿತು. ಚಂದ್ರನ ಪಾತ್ರ ಪಿ.ಟಿ. ಮೇಷ್ಟ್ರ ಪಾಲಿಗೆ ಬಂದಿತ್ತು. ಕಾಡಿ ಬೇಡಿ, ಒಂದು ತಿಂಗಳು ಮೈದಾನದ ಉಸ್ತುವಾರಿ ತಾವೇ ನೋಡಿಕೊಳ್ಳುವುದಾಗಿ ಒಪ್ಪಿ ಅದನ್ನು ಕಿತ್ತುಕೊಂಡರು.

"ಬುಧ ಬಿಟ್ಟು ಚಂದ್ರ ಯಾಕ್ರೀ?" ಎಂದು ಕೇಳಿದ ಪಿ.ಟಿ. ಮೇಷ್ಟ್ರಿಗೆ ಮರುಕ್ಷಣವೇ ಎಲ್ಲ ಹೊಳೆಯಿತು. "ಓಹೋ, ಖಾಯಂ ಆಗ್ಬೇಕು. ಅದಕ್ಕೆ ಸಾಹೇಬ್ರ ಸುತ್ತ. ನಡೀಲಿ, ನಡೀಲಿ." ಸ್ಟಾಫ್ ರೂಮಿನಲ್ಲಿ ಈ ಮಾತು ಮೇಷ್ಟ್ರು ಒಳಗೆ ಬರುವ ಮೊದಲೇ ಬಂದು ಕೂತಿತ್ತು.

ಮಕ್ಕಳು ಅಂಗಳದ ಸುತ್ತ ಕೂತರು. ಸೂರ್ಯನಿಗೆಂದು ಬಣ್ಣ ಬಳಿದಿದ್ದ ಕುರ್ಚಿ ಎಲ್ಲಿ ಹೋಯಿತೋ, ಹೆಡ್‌ಮೇಡಂ ಸ್ಟೂಲಿನ ಮೇಲೆ ಕೂತಿದ್ದರು. ಆಫೀಸಿನಿಂದ ಸಾಹೇಬರು ಉದ್ದನೆಯ ಕೋಟು ತೊಡುತ್ತಾ ಹೊರಗೆ ಬಂದು, "ನನಗೆ ತಲೆಸುತ್ತು ಜಾಸ್ತಿ. ಚಂದ್ರನ್ನೇ ನೋಡ್ತಾ ನಿಧಾನಕ್ಕೆ ತಿರುಗ್ತೀನಿ" ಎಂದು ಭೂಮಿಯ ಜಾಗದಲ್ಲಿ ನಿಂತರು.

ಡ್ರಾಯಿಂಗ್ ಮೇಷ್ಟ್ರು ಅವರ ಮುಖದ ಮೇಲಿಂದ ಕಣ್ಣು ಕೀಳದೆ ಅಡ್ಡಡ್ಡ ಹೆಜ್ಜೆ ಹಾಕತೊಡಗಿದರು. ಎಡಗಡೆ ಕೂತಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ಆಮೇಲೆ ಹಿಂದಿನವರು, ಆಮೇಲೆ ಬಲಗಡೆಯವರು. ಚಂದ್ರ ಹೋದ ಕಡೆಗೆಲ್ಲ ನಗುವೂ ಹೋಯಿತು. ಬೆನ್ನು ಭೂಮಿಗೆ ಕಾಣದಿದ್ದರೆ ಉಳಿದ ಲೋಕಕ್ಕೆಲ್ಲ ಕಾಣುತ್ತದೆ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು.

"ಯಾಕೆ ನಗ್ತಿದಾರೆ ಇವರು?" ಸಾಹೇಬರು ಕೇಳಿದರು.

ಮೇಷ್ಟ್ರಿಗೆ ಸುಳ್ಳು ಬರುತ್ತಿರಲಿಲ್ಲ. "ಸಾರ್, ನನ್ನ ಪ್ಯಾಂಟು ಹಿಂದೆ ಹರಿದಿದೆ. ನಿಮಗೆ ಕಾಣಬಾರದು ಅಂತಲೇ ಚಂದ್ರ ಆದೆ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವು ತೊಟ್ಟಿದ್ದ ಕೋಟನ್ನು ಬಿಚ್ಚಿ ತಾವೇ ಮೇಷ್ಟ್ರಿಗೆ ತೊಡಿಸಿದರು. "ಇಷ್ಟು ನಿಜ ಹೇಳೋ ಮನುಷ್ಯ ಹಂಗಾಮಿ ಯಾಕ್ರೀ? ಇವತ್ತೇ ಬರೀತೀನಿ." ಮೇಷ್ಟ್ರ ಕಣ್ಣು ಒದ್ದೆಯಾಯಿತು. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡರು, ಅದು ನಿಜವೂ ಆಗಿತ್ತು.

ಸಾಹೇಬರು ಆಫೀಸಿನ ಕಡೆಗೆ ತಿರುಗಿದರು. ಸಾಹೇಬರ ಕಪ್ಪು ಪ್ಯಾಂಟಿನ ಹಿಂದೆ, ಕೂರುವ ಜಾಗದಲ್ಲಿ, ದೊಡ್ಡದಾಗಿ ಹಳದಿ ಸೂರ್ಯ ಹುಟ್ಟಿದ್ದ. ಬೆಳಿಗ್ಗೆ ಬಂದ ಕೂಡಲೇ ಸಾಹೇಬರು ಸೆಖೆಯೆಂದು ಕೋಟು ಬಿಚ್ಚಿಟ್ಟಿರಬೇಕು. ಜವಾನ ಶಾಲೆಯಲ್ಲೆಲ್ಲ ಫಳಫಳ ಹೊಳೆಯುವ ಕುರ್ಚಿಯನ್ನೇ ಹುಡುಕಿ ತಂದು ಹಾಕಿರಬೇಕು.

ಬಣ್ಣ ಬಳಿದದ್ದು ತಾವೇ. ಹೇಳಿದರೆ ತಮ್ಮ ಕೆಲಸ ಹೋಗುತ್ತದೆ, ಹೇಳದಿದ್ದರೆ ಇಂಥ ಮನುಷ್ಯನ ಮಾನ ಹೋಗುತ್ತದೆ. ಮೇಷ್ಟ್ರು ಓಡಿಹೋಗಿ ಸಾಹೇಬರ ಬೆನ್ನಿಗೆ ಅಂಟಿಕೊಂಡಂತೆ ನಡೆದರು. ಸಾಹೇಬರು ಎಡಕ್ಕೆ ತಿರುಗಿದರೆ ಇವರೂ ಎಡಕ್ಕೆ. ನಲ್ಲಿಯ ಹತ್ತಿರ ನಿಂತರೆ ಇವರೂ ನಿಂತರು.

"ನೀವು ಹೋಗಿ ಮೇಷ್ಟ್ರೇ, ಕಾರ್ಯಕ್ರಮ ಮುಗೀತು."

"ಪರವಾಗಿಲ್ಲ ಸಾರ್, ಇಲ್ಲೇ ಇರ್ತೀನಿ."

ಆಫೀಸು, ಲೈಬ್ರರಿ, ಏಳನೇ ತರಗತಿ, ಎಲ್ಲ ಕಡೆಗೂ ಬಂದರು. ಸಾಹೇಬರ ನಗು ಮೆಲ್ಲಗೆ ಕರಗಿ ಹಣೆಯಲ್ಲಿ ಗೆರೆ ಮೂಡಿತು. ಬಾಗಿಲಲ್ಲಿ ನಿಂತಿದ್ದ ಪಿ.ಟಿ. ಮೇಷ್ಟ್ರು ಪಕ್ಕದವರಿಗೆ, "ನಾನು ಬೆಳಿಗ್ಗೇನೇ ಹೇಳಿಲ್ವಾ? ಸಾಹೇಬ್ರ ಸುತ್ತ ಸುತ್ತಿ ಖಾಯಂ ಮಾಡಿಸ್ಕೋತಾರೆ ಅಂತ" ಎಂದದ್ದು ಸಾಹೇಬರ ಕಿವಿಗೂ ಬಿತ್ತು.

ಕಾರಿನ ಬಾಗಿಲವರೆಗೂ ಮೇಷ್ಟ್ರು ಬೆನ್ನು ಕಾದರು. ಸಾಹೇಬರು ಒಳಗೆ ಕೂತು ಗಾಜು ಇಳಿಸಿದರು.

"ನಿಮ್ಮನ್ನ ಪ್ರಾಮಾಣಿಕ ಅಂದ್ಕೊಂಡಿದ್ದೆ ಮೇಷ್ಟ್ರೇ. ಅಧಿಕಾರಿಗಳ ಸುತ್ತ ಸುತ್ತೋರನ್ನ ಕಂಡ್ರೆ ನನಗಾಗಲ್ಲ. ಇನ್ನೊಂದು ವರ್ಷ ಹೀಗೇ ನಡೀಲಿ, ಆಮೇಲೆ ನೋಡೋಣ."

ಕಾರು ಮುಂದಿನ ತಪಾಸಣೆಗೆ ಹೊರಟುಹೋಯಿತು. ಪಕ್ಕದ ಊರಿನ ಶಾಲೆಯಲ್ಲಿ ಅವರು ಯಾರಿಗೆ ಮೊದಲು ಬೆನ್ನು ಹಾಕುತ್ತಾರೋ ಎಂದು ಮೇಷ್ಟ್ರು ಗೇಟಿನ ಬಳಿ ನಿಂತು ಯೋಚಿಸಿದರು.

ಸಂಜೆ ಮನೆಯಲ್ಲಿ ಹೆಂಡತಿ ಮೇಲಿಂದ ಕೆಳಗಿನವರೆಗೆ ನೋಡಿ, "ಖಾಯಂ ಆಯ್ತೇನ್ರೀ? ಹೊಸ ಕೋಟು ಬೇರೆ" ಎಂದಳು.

ಮೇಷ್ಟ್ರು ಆಗ ಮೈ ನೋಡಿಕೊಂಡರು. ಸಾಹೇಬರ ಕೋಟು ಇನ್ನೂ ತಮ್ಮ ಮೈಮೇಲೇ ಇತ್ತು.

"ಇಲ್ಲ ಕಣೆ. ಆ ಪ್ಯಾಂಟಿಗೆ ಗಟ್ಟಿಯಾಗಿ ಹೊಲಿಗೆ ಹಾಕು" ಎಂದು ಕುಸಿದು ಕೂತರು. "ಇದನ್ನ ಕೊಡೋಕೆ ನಾಳೆ ಮತ್ತೆ ಅವರ ಹಿಂದೇನೇ ಹೋಗ್ಬೇಕು."